ಕಿಟಕಿಯಿಂದ ಮರಕ್ಕೆ 70 ಅಡಿ ತಂತಿ

ಇವತ್ತಿನ ಸಂಚಿಕೆ ಒಂದು ತಂತಿಯ ಬಗ್ಗೆ. ಹೌದು, ಬರೀ ತಂತಿ.

ಕೆಲವು ವರ್ಷದ ಹಿಂದಿನ ಫೋನ್‌ಗಳು ನೆನಪಿವೆಯಾ? ಎಫ್‌ಎಂ ಆನ್ ಮಾಡಿದ್ರೆ ಮೊದಲು ಇಯರ್‌ಫೋನ್ ಸಿಕ್ಕಿಸು ಅಂತ ಸ್ಕ್ರೀನ್ ಮೇಲೆ ಬರ್ತಿತ್ತು. ಸ್ಪೀಕರ್‌ನಲ್ಲಿ ಕೇಳ್ತೀನಿ ಅಂದ್ರೂ ಬಿಡ್ತಿರಲಿಲ್ಲ. ಯಾಕಂದ್ರೆ ಆ ಇಯರ್‌ಫೋನ್ ವೈರೇ ಆಂಟೆನಾ. ಆಂಟೆನಾ ಅಂದ್ರೆ ಕಬ್ಬಿಣದ ಗೋಪುರ ಅಂತ ಅಂದ್ಕೊಂಡಿರೋ ನಾವೆಲ್ಲ, ಒಂದು ಕಾಲದಲ್ಲಿ ಜೇಬಿನಲ್ಲೇ ತಂತಿ ಆಂಟೆನಾ ಇಟ್ಕೊಂಡು ಓಡಾಡಿದವರು.

ಎಫ್‌ಎಂಗೆ ಅಷ್ಟು ಗಿಡ್ಡ ತಂತಿ ಸಾಕು, ಯಾಕಂದ್ರೆ ಅದರ ಅಲೆಯೇ ಗಿಡ್ಡ, ಸುಮಾರು 3 ಮೀಟರ್. ಆದರೆ ನೂರಾರು, ಸಾವಿರಾರು ಕಿಲೋಮೀಟರ್ ದೂರ ಮಾತಾಡೋ ಹವ್ಯಾಸಿ ರೇಡಿಯೊದವರು, ಅಂದ್ರೆ ಹ್ಯಾಮ್‌ಗಳು, ಶಾರ್ಟ್‌ವೇವ್ ಬಳಸ್ತಾರೆ. ಅವರ ಅಚ್ಚುಮೆಚ್ಚಿನ 7 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ 40 ಮೀಟರ್‌ಗಿಂತ ಹೆಚ್ಚು. ಆಂಟೆನಾ ಸಾಮಾನ್ಯವಾಗಿ ಅದರ ಅರ್ಧ ಇರಬೇಕು. ಅಂದ್ರೆ ಸುಮಾರು 20 ಮೀಟರ್ ತಂತಿ. ಬ್ಯಾಗ್‌ನಲ್ಲಿ ಸುತ್ತಿಟ್ಟರೆ ಒಂದು ಹಿಡಿ. ಬಿಚ್ಚಿದರೆ ಎರಡು ಸೈಟ್ ದಾಟುತ್ತೆ.

ಬೆಟ್ಟ ಹತ್ತಿ ರೇಡಿಯೊ ಹಾಕೋ ಹ್ಯಾಮ್‌ಗೆ ಇಲ್ಲಿಂದಲೇ ತಲೆಬಿಸಿ ಶುರು. ತಂತಿಯನ್ನ ಮಧ್ಯಕ್ಕೆ ಕತ್ತರಿಸಿ, ಎರಡು ರೆಕ್ಕೆ ಮಾಡಿ, ನಡುವಿನಿಂದ ಕೇಬಲ್ ಇಳಿಸಿದ್ರೆ ಅದು ಡೈಪೋಲ್. ಕೆಲಸದಲ್ಲಿ ಅಚ್ಚುಕಟ್ಟು. ಆದ್ರೆ ನಡುವಿನ ಕೇಬಲ್‌ನ ಭಾರ ಹೊರೋಕೆ ಒಂದು ಕಂಬ ಬೇಕು, ಅಥವಾ ಎರಡೂ ತುದಿ ಎಳೆದು ಕಟ್ಟೋಕೆ ಮರ ಬೇಕು. ಇನ್ನೊಂದು ದಾರಿ, ತಂತಿಯನ್ನ ಒಂದೇ ತುದಿಯಿಂದ ರೇಡಿಯೊಗೆ ಜೋಡಿಸೋದು. ಒಂದು ಮರ ಸಿಕ್ಕರೂ ಸಾಕು, ಇನ್ನೊಂದು ತುದಿ ನಿಮ್ಮ ಪಕ್ಕದಲ್ಲೇ ಇರುತ್ತೆ. ಆದರೆ ಇದು ಪುಕ್ಕಟೆ ಅಲ್ಲ. ಅರ್ಧ ಅಲೆಯ ತಂತಿಯ ತುದಿಯಲ್ಲಿ ವೋಲ್ಟೇಜ್ ವಿಪರೀತ. ಅದನ್ನ ರೇಡಿಯೊಗೆ ಹೊಂದಿಸೋಕೆ ನಡುವೆ ಒಂದು ಟ್ರಾನ್ಸ್‌ಫಾರ್ಮರೋ ಟ್ಯೂನರೋ ಬೇಕು. ನಾನು ಬಿ.ಕಾಂ ಓದಿದವನು, ನನಗೆ ಇದು ಪಕ್ಕಾ ಲೆಡ್ಜರ್ ಥರ ಕಾಣುತ್ತೆ. ಒಂದು ಕಡೆ ಉಳಿಸಿದ್ದನ್ನ ಇನ್ನೊಂದು ಕಡೆ ಬರೆದಿಡಲೇಬೇಕು.

ಈ ಒಂದು ತುದಿಯ ಆಂಟೆನಾ ಹುಟ್ಟಿದ್ದು ಟ್ರೆಕ್ಕಿಂಗ್‌ಗಲ್ಲ. 1909ರಲ್ಲಿ ಜರ್ಮನಿಯ ಹಾನ್ಸ್ ಬೆಗೆರೋ ಇದಕ್ಕೆ ಪೇಟೆಂಟ್ ತಗೊಂಡ, ಝೆಪ್ಪೆಲಿನ್ ಅನ್ನೋ ದೈತ್ಯ ವಾಯುನೌಕೆಗಳಿಗಾಗಿ. ಆಕಾಶದಲ್ಲಿ ತೇಲೋ ನೌಕೆಯಿಂದ ತಂತಿಯನ್ನ ಕೆಳಕ್ಕೆ ಜೋತುಬಿಡಬಹುದು ಅಷ್ಟೇ, ಇನ್ನೊಂದು ತುದಿ ಕಟ್ಟೋಕೆ ಅಲ್ಲಿ ಮರ ಎಲ್ಲಿದೆ? ಮೇಲಾಗಿ ತಲೆ ಮೇಲೆ ಟನ್‌ಗಟ್ಟಲೆ ಜಲಜನಕ ಅನಿಲ. ಕಿಡಿ ಹಾರಿದ್ರೆ ಮುಗೀತು. ಹಾಗಾಗಿ ಹೆಚ್ಚು ವೋಲ್ಟೇಜ್ ಇರೋ ಜಾಗವನ್ನ ಎರಡು ತಂತಿಗಳ ಲೈನ್ ಮೂಲಕ ನೌಕೆಯಿಂದ ದೂರ ತಳ್ಳಿದ. ಹ್ಯಾಮ್‌ಗಳು ಇವತ್ತಿಗೂ ಅದನ್ನ ‘ಝೆಪ್’ ಅಂತಲೇ ಕರೀತಾರೆ.

ಅಲ್ಲಿಂದ 34 ವರ್ಷ ಮುಂದೆ ಬನ್ನಿ. ಎರಡನೇ ಮಹಾಯುದ್ಧ, ಜರ್ಮನ್ನರ ಕೈಲಿರೋ ಪ್ಯಾರಿಸ್. ತಂತಿಯ ಒಂದು ತುದಿ ರೂಮಿನೊಳಗೆ, ಇನ್ನೊಂದು ತುದಿ ಹೊರಗೆ ಮರದಲ್ಲಿ. ಮಧ್ಯದಲ್ಲಿ ಕಿಟಕಿ. ಅದನ್ನ ಕಟ್ಟುತ್ತಾ ಇದ್ದವರು 29 ವರ್ಷದ ನೂರ್ ಇನಾಯತ್ ಖಾನ್.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ಅಪ್ಪ ಬರೋಡಾದ ಸೂಫಿ ಸಂಗೀತಗಾರ ಹಜ್ರತ್ ಇನಾಯತ್ ಖಾನ್, ಅಮ್ಮ ಅಮೆರಿಕದವರು. ಅಪ್ಪನ ತಾಯಿಯ ಕಡೆಯಿಂದ ಇವರು ನಮ್ಮ ಮೈಸೂರಿನ ಟಿಪ್ಪು ಸುಲ್ತಾನ್ ವಂಶ. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿ. ವೀಣೆ ನುಡಿಸ್ತಿದ್ರು, ಮಕ್ಕಳಿಗೆ ಕಥೆ ಬರೀತಿದ್ರು. 1940ರಲ್ಲಿ ಜರ್ಮನ್ನರು ಫ್ರಾನ್ಸ್‌ಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡ್‌ಗೆ ಓಡಿತು. ಅದೇ ವರ್ಷ ನೂರ್ ಅಲ್ಲಿನ ವಾಯುಪಡೆಯ ಮಹಿಳಾ ದಳ ಸೇರಿ ಮೋರ್ಸ್ ಕಲಿತರು. ಆಮೇಲೆ ಎಸ್‌ಒಇ ಎಂಬ ಗುಪ್ತ ಸಂಸ್ಥೆ ಅವರನ್ನ ಆರಿಸ್ಕೊಳ್ತು. 1943ರ ಜೂನ್ 16ರ ರಾತ್ರಿ ಲೈಸಾಂಡರ್ ಅನ್ನೋ ಪುಟ್ಟ ವಿಮಾನದಲ್ಲಿ ಫ್ರಾನ್ಸ್‌ಗೆ ಕಳಿಸ್ತು. ಎಸ್‌ಒಇ ಅಲ್ಲಿಗೆ ಕಳಿಸಿದ ಮೊದಲ ಮಹಿಳಾ ರೇಡಿಯೊ ಆಪರೇಟರ್ ಇವರೇ. ಗುಪ್ತನಾಮ ಮ್ಯಾಡೆಲಿನ್.

ಎಸ್‌ಒಇ ಏಜೆಂಟ್‌ಗಳ ಸೂಟ್‌ಕೇಸ್ ರೇಡಿಯೊಗಳಲ್ಲಿ ಹೆಸರಾದದ್ದು ಬಿ2. ತೂಕ ಸುಮಾರು 15 ಕಿಲೋ, ಶಕ್ತಿ ಹೆಚ್ಚೆಂದರೆ 20 ವ್ಯಾಟ್. ನಿಮ್ಮ ರೂಮಿನ ಎಲ್‌ಇಡಿ ಟ್ಯೂಬ್‌ಲೈಟ್‌ನಷ್ಟು. ಜೊತೆಗೆ ಬೇಕಾಗ್ತಿದ್ದದ್ದು ಸುಮಾರು 70 ಅಡಿ ತಂತಿ. ಮೇಲೆ ಹೇಳಿದ 20 ಮೀಟರ್ ಲೆಕ್ಕಕ್ಕೆ ಹತ್ತಿರವೇ ಬಂತು ನೋಡಿ.

ಇಷ್ಟರಲ್ಲಿ ಇಂಗ್ಲೆಂಡ್‌ಗೆ ಹೇಗೆ ಕೇಳಿಸ್ತಿತ್ತು? ಪ್ಯಾರಿಸ್‌ನಿಂದ ಲಂಡನ್‌ಗೆ ನೇರ ದೂರ ಸುಮಾರು 340 ಕಿ.ಮೀ., ನಮ್ಮ ಬೆಂಗಳೂರು–ಮಂಗಳೂರು ರಸ್ತೆಯಷ್ಟು. 20 ವ್ಯಾಟ್ ಇಟ್ಕೊಂಡು ನೆಲದ ಮೇಲೇ ಅಷ್ಟು ದೂರ ಹೋಗೋದು ಆಗದ ಮಾತು. ಅಲೆ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ಬಡಿದು, ವಾಪಸ್ ಕೆಳಗೆ ಬೀಳಬೇಕು. ಹತ್ತಿರದ ಊರಿಗೆ ಬೀಳಬೇಕಾದ್ರೆ ಹೆಚ್ಚುಕಡಿಮೆ ನೇರ ತಲೆ ಮೇಲಕ್ಕೇ ಎಸೀಬೇಕು. ತಗ್ಗಿನಲ್ಲಿ ಅಡ್ಡ ಕಟ್ಟಿದ ತಂತಿ ಮಾಡೋದೇ ಅದನ್ನ! ದೂರದ ಖಂಡಕ್ಕೆ ಮಾತಾಡೋಕೆ ಅದು ಕಳಪೆ ಆಂಟೆನಾ, ಪ್ಯಾರಿಸ್‌ನಿಂದ ಇಂಗ್ಲೆಂಡ್‌ಗೆ ಹೇಳಿ ಮಾಡಿಸಿದ್ದು. ಉಳಿದ ಕೊರತೆಯನ್ನ ಗ್ರೆಂಡನ್, ಪೌಂಡನ್ ಕೇಂದ್ರಗಳ ದೊಡ್ಡ ಆಂಟೆನಾಗಳು ತುಂಬ್ತಿದ್ದವು. ಯೂಟ್ಯೂಬ್‌ನಲ್ಲಿ ‘ಯಾವ ಆಂಟೆನಾ ಬೆಸ್ಟ್’ ಅಂತ ಜಗಳ ಆಡೋರಿಗೆ ನಾನು ಕೇಳೋದು ಇಷ್ಟೇ, ಎಲ್ಲಿಂದ ಎಲ್ಲಿಗೆ ಸ್ವಾಮಿ?

ಆದರೆ ಹ್ಯಾಮ್‌ಗೆ ಇಲ್ಲದ ಒಂದು ಲೆಕ್ಕ ನೂರ್‌ಗೆ ಇತ್ತು. ತಂತಿ ಕಣ್ಣಿಗೆ ಬೀಳಬಾರದು. ಅವರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತೆ. ಅವರಿದ್ದ ಕಟ್ಟಡದಲ್ಲೇ ಜರ್ಮನ್ ಅಧಿಕಾರಿಗಳೂ ಇದ್ದರು. ಒಂದು ದಿನ ಮರಕ್ಕೆ ತಂತಿ ಸಿಕ್ಕಿಸೋಕೆ ನೂರ್ ಒದ್ದಾಡ್ತಿದ್ದಾಗ ಒಬ್ಬ ಜರ್ಮನ್ ಬಂದು, ಸಹಾಯ ಮಾಡ್ಲಾ ಅಂತ ಕೇಳಿದ. ಇವರು ಹೂಂ ಅಂದರು. ಯಾರೋ ಹುಡುಗಿ ರೇಡಿಯೊ ಕೇಳೋಕೆ ಏರಿಯಲ್ ಕಟ್ಟಿದ್ದಾಳೆ ಅಂದ್ಕೊಂಡು ಅವನೇ ಕಟ್ಟಿಕೊಟ್ಟ.

ಕಟ್ಟೋದಕ್ಕಿಂತ ಕಷ್ಟ ಬಿಚ್ಚೋದು. ಅಲೆ ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡೋ ಜರ್ಮನ್ ವ್ಯಾನ್‌ಗಳು ಬೀದಿ ಸುತ್ತುತ್ತಿದ್ದವು. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಮೋರ್ಸ್ ಕುಟ್ಟಿದ್ರೆ ಸಿಕ್ಕಿಬಿದ್ದಂತೆ. ಮೆಸೇಜ್ ಮುಗಿದ ತಕ್ಷಣ ತಂತಿ ಸುತ್ತಿ, ಸೂಟ್‌ಕೇಸ್ ಮುಚ್ಚಿ, ಇನ್ನೊಂದು ಮನೆ. ಬೇಗ ಹಾಕಿ ಬೇಗ ತೆಗೆಯೋಕೆ ಆಗದ ಆಂಟೆನಾ ಅಲ್ಲಿ ಎಷ್ಟೇ ಒಳ್ಳೇದಾದ್ರೂ ಉಪಯೋಗಕ್ಕಿಲ್ಲ.

ಅವರು ಇಳಿದ ಕೆಲವೇ ದಿನಗಳಲ್ಲಿ ಅವರ ಜಾಲದ ಜನ ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಅಂತ ಲಂಡನ್ ಕರೆಯಿತು. ನೂರ್ ಒಪ್ಪಲಿಲ್ಲ. ನಾನು ಹೋದ್ರೆ ಇಲ್ಲಿಂದ ಸುದ್ದಿ ಕಳಿಸೋಕೆ ಯಾರೂ ಇರಲ್ಲ ಅನ್ನೋದು ಅವರ ಕಾರಣ. ಅಕ್ಟೋಬರ್ ಮಧ್ಯದವರೆಗೆ, ಸುಮಾರು ನಾಲ್ಕು ತಿಂಗಳು, ಆ ಸೂಟ್‌ಕೇಸ್ ಹೊತ್ತು ಪ್ಯಾರಿಸ್ ಸುತ್ತಿದರು.

ವ್ಯಾನ್‌ಗಳು ಅವರನ್ನ ಹಿಡಿಯಲಿಲ್ಲ. ಮರದ ತಂತಿಯೂ ಹಿಡಿದುಕೊಡಲಿಲ್ಲ. ಹಣಕ್ಕಾಗಿ ಯಾರೋ ಸುಳಿವು ಮಾರಿದರು ಅಂತಾರೆ ಇತಿಹಾಸಕಾರರು. ಬಂಧನದ ಜೊತೆಗೆ ರೇಡಿಯೊ, ಕೋಡ್, ಹಳೆಯ ಮೆಸೇಜ್‌ಗಳನ್ನ ಬರೆದಿಟ್ಟ ನೋಟ್‌ಬುಕ್ ಎಲ್ಲಾ ಜರ್ಮನ್ನರ ಕೈಗೆ ಬಿತ್ತು. ನೂರ್ ಎರಡು ಸಲ ತಪ್ಪಿಸ್ಕೊಳ್ಳೋಕೆ ನೋಡಿದರು, ಆಗಲಿಲ್ಲ. ನವೆಂಬರ್‌ನಲ್ಲಿ ಜರ್ಮನಿಯ ಫೋರ್ಜ್‌ಹೈಮ್ ಜೈಲಿಗೆ ಸಾಗಿಸಿ, ಅಲ್ಲಿ ಬೇಡಿ ಹಾಕಿ ಇಟ್ಟರು.

ಆದರೆ ಇಂಗ್ಲೆಂಡ್‌ನಲ್ಲಿ ‘ಮ್ಯಾಡೆಲಿನ್’ ಸಿಗ್ನಲ್ ಬರೋದು ನಿಲ್ಲಲಿಲ್ಲ. ಈಗ ಅದನ್ನ ಕಳಿಸ್ತಿದ್ದವರು ಜರ್ಮನ್ನರು. ಆ ಮೆಸೇಜ್‌ಗಳನ್ನ ನಂಬಿ ಲಂಡನ್ 1944ರ ಫೆಬ್ರವರಿ ಕೊನೆಯಲ್ಲಿ ಮೂವರು ಏಜೆಂಟ್‌ಗಳನ್ನ ಪ್ಯಾರಾಶೂಟ್‌ನಲ್ಲಿ ಇಳಿಸಿತು. ಕೆಳಗೆ ಕಾಯ್ತಾ ನಿಂತಿದ್ದದ್ದು ಗೆಸ್ಟಾಪೊ. ಆ ಮೂವರಲ್ಲಿ ಒಬ್ಬರು ಮ್ಯಾಡೆಲಿನ್ ಡಾಮರ್‌ಮಾ. ಇದು ಅವರ ನಿಜವಾದ ಹೆಸರು. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಕೊಂದ ನಾಲ್ವರು ಮಹಿಳೆಯರಲ್ಲಿ ನೂರ್ ಜೊತೆಗೆ ಅವರೂ ಇದ್ದರು.