ಇಂಗ್ಲಿಷಿನ ಧಾಟಿ: ಬರ್ಮಿಂಗ್‌ಹ್ಯಾಮ್‌ಗೇಕೆ ಕಡೆಯ ಪಂಕ್ತಿ?

ಇಂಗ್ಲೆಂಡಿನವರೆಲ್ಲರೂ ಒಂದೇ ಬಗೆಯ ಇಂಗ್ಲಿಷ್ ಮಾತನಾಡುತ್ತಾರೆಂಬುದು ನಮ್ಮಲ್ಲಿ ಸಾಮಾನ್ಯವಾಗಿರುವ ಕಲ್ಪನೆ. ವಾಸ್ತವದಲ್ಲಿ ಲಂಡನ್ನಿನಿಂದ ರೈಲಿನಲ್ಲಿ ಎರಡು ತಾಸು ಉತ್ತರಕ್ಕೆ ಸಾಗಿದರೆ ‘ಕಪ್’ ಎಂಬುದು ‘ಕುಪ್’ ಆಗುತ್ತದೆ, ‘ಬಾತ್’ನ ದೀರ್ಘ ಮೊಟಕಾಗುತ್ತದೆ. ಲಿವರ್‌ಪೂಲ್‌ನದು ‘ಸ್ಕೌಸ್’, ನ್ಯೂಕ್ಯಾಸಲ್‌ನದು ‘ಜಾರ್ಡಿ’, ಬರ್ಮಿಂಗ್‌ಹ್ಯಾಮ್‌ನದು ‘ಬ್ರಮ್ಮಿ’, ಪೂರ್ವ ಲಂಡನ್ನಿನ ಶ್ರಮಿಕರದು ‘ಕಾಕ್ನಿ’. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡ ಕೇಳಿದವರಿಗೆ ಇದು ಹೊಸದೇನಲ್ಲ. ಆದರೆ ಈ ಧಾಟಿಗಳಿಗೆ ಅಂಟಿದ ಮೇಲು-ಕೀಳಿನ ಭಾವನೆ ಅರ್ಧ ಶತಮಾನದಿಂದ ಹೆಚ್ಚುಕಡಿಮೆ ಕದಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮೇಲಿನ ಸ್ಥಾನದಲ್ಲಿರುವ ಧಾಟಿಗೆ ಊರೆಂಬುದೇ ಇಲ್ಲ. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಉಚ್ಚಾರಣಾ ನಿಘಂಟಿನಲ್ಲಿ ಅದನ್ನು ‘ಪಬ್ಲಿಕ್ ಸ್ಕೂಲ್ ಉಚ್ಚಾರಣೆ’ ಎಂದು ಕರೆದಿದ್ದರು. ಹೆಸರು ಪಬ್ಲಿಕ್ ಆದರೂ ಅವು ಸಿರಿವಂತರ ಮಕ್ಕಳು ಓದುವ ಖಾಸಗಿ ವಸತಿ ಶಾಲೆಗಳು. 1926ರ ಆವೃತ್ತಿಯಲ್ಲಿ ಅದು ‘ರಿಸೀವ್ಡ್ ಪ್ರೊನನ್ಸಿಯೇಷನ್’ (ಆರ್‌ಪಿ) ಆಯಿತು. ಬಿಬಿಸಿ ಬಾನುಲಿ ಅದನ್ನೇ ವಾರ್ತೆಯ ಧ್ವನಿಯಾಗಿಸಿತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಷೈರ್‌ನ ಹ್ಯಾಲಿಫ್ಯಾಕ್ಸಿನ ವಿಲ್‌ಫ್ರೆಡ್ ಪಿಕಲ್ಸ್ ತಮ್ಮ ಊರಿನ ಧಾಟಿಯಲ್ಲೇ ರಾಷ್ಟ್ರೀಯ ವಾರ್ತೆ ಓದಿದಾಗ ಆಕ್ಷೇಪದ ಪತ್ರಗಳು ಬಂದವು. ಇಂಥ ಧ್ವನಿಯಲ್ಲಿ ಬಂದ ಸುದ್ದಿಯನ್ನು ನಂಬುವುದು ಹೇಗೆ ಎಂಬುದು ಕೆಲವರ ದೂರು.

ಈ ಪೂರ್ವಗ್ರಹವನ್ನು ಅಳತೆಗೆ ಒಳಪಡಿಸಿದವರಲ್ಲಿ ಸಾಮಾಜಿಕ ಮನೋವಿಜ್ಞಾನಿ ಹೊವರ್ಡ್ ಜೈಲ್ಸ್ ಪ್ರಮುಖರು. ಒಬ್ಬನೇ ವ್ಯಕ್ತಿ ಬೇರೆ ಬೇರೆ ಧಾಟಿಗಳಲ್ಲಿ ಓದಿದ ಧ್ವನಿಮುದ್ರಿಕೆಯನ್ನು ಶಾಲಾ ವಿದ್ಯಾರ್ಥಿಗಳಿಗೆ ಕೇಳಿಸಿ ಅಂಕ ಕೊಡಿಸಿದರು. 1970ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆರ್‌ಪಿ ತುದಿಯಲ್ಲಿತ್ತು, ಬರ್ಮಿಂಗ್‌ಹ್ಯಾಮ್ ತಳದಲ್ಲಿ. 2004ರಲ್ಲಿ ಬಿಬಿಸಿ 5,000ಕ್ಕೂ ಹೆಚ್ಚು ಜನರಿಂದ 34 ಧಾಟಿಗಳ ಬಗ್ಗೆ ಅಭಿಪ್ರಾಯ ಕೇಳಿದಾಗಲೂ ಬರ್ಮಿಂಗ್‌ಹ್ಯಾಮ್‌ಗೆ ಅದೇ ಕಡೆಯ ಪಂಕ್ತಿ.

ಹಾಗಾದರೆ ಆ ಧಾಟಿ ನಿಜಕ್ಕೂ ಕರ್ಣಕಠೋರವೇ? ಗ್ರೀಕ್ ಭಾಷೆಯ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಗ್ರೀಸಿನಲ್ಲಿ ಅಥೆನ್ಸಿನ ನುಡಿಗೆ ಮರ್ಯಾದೆ ಹೆಚ್ಚು, ಕ್ರೀಟ್ ದ್ವೀಪದ ನುಡಿಗೆ ಕಡಿಮೆ. ಗ್ರೀಕ್ ಗೊತ್ತಿಲ್ಲದ ಬ್ರಿಟಿಷ್ ವಿದ್ಯಾರ್ಥಿಗಳಿಗೆ 1970ರ ದಶಕದಲ್ಲಿ ಎರಡನ್ನೂ ಕೇಳಿಸಿದಾಗ ಅವರಿಗೆ ಅಂಥ ಅಂತರವೇ ಕಾಣಲಿಲ್ಲ. ಹೀನಾಯ ಎನ್ನಿಸುವುದು ಧ್ವನಿಯಲ್ಲ, ಅದರ ಹಿಂದೆ ಕಾಣುವ ಕಾರ್ಖಾನೆ, ಹೊಲ, ಕೇರಿ. ರಕಾರದ ಪಾಡನ್ನೇ ನೋಡಬಹುದು. ಇಂಗ್ಲೆಂಡಿನಲ್ಲಿ ‘ಕಾರ್’ ಪದದ ಕೊನೆಯ ರಕಾರವನ್ನು ಉಚ್ಚರಿಸುವವರು ನೈಋತ್ಯ ಭಾಗದ ಹಳ್ಳಿಗರೆಂಬ ಭಾವನೆ. ನ್ಯೂಯಾರ್ಕಿನಲ್ಲಿ ವಿಲಿಯಂ ಲಬಾವ್ 1960ರ ದಶಕದಲ್ಲಿ ಕಂಡದ್ದು ತದ್ವಿರುದ್ಧ: ದುಬಾರಿ ಮಳಿಗೆಯ ನೌಕರರು ರಕಾರವನ್ನು ಹೆಚ್ಚು ನುಡಿಯುತ್ತಿದ್ದರು, ಅಗ್ಗದ ಮಳಿಗೆಯವರು ಬಿಡುತ್ತಿದ್ದರು.

ಹಕಾರದ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ‘ಹೌಸ್’ ಅನ್ನು ‘ಔಸ್’ ಎಂದ ಕಾಕ್ನಿಯನ್ನು ಲಂಡನ್ ನಕ್ಕಂತೆಯೇ, ‘ಹಾಲು’ವನ್ನು ‘ಆಲು’ ಎಂದ ಹಳೆ ಮೈಸೂರಿನ ರೈತನನ್ನು ನಮ್ಮ ಪೇಟೆಯವರು ನಗುತ್ತಾರೆ. ಹಳಗನ್ನಡದಲ್ಲಿ ಅದು ‘ಪಾಲ್’ ಆಗಿತ್ತೆಂಬುದನ್ನು ನಕ್ಕವರು ನೆನೆಯುವುದಿಲ್ಲ.

ನಗೆಯಲ್ಲೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಇಂಗ್ಲೆಂಡಿನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೊಲೀಸ್ ವಿಚಾರಣೆಯ ಧ್ವನಿಮುದ್ರಿಕೆ ಕೇಳಿದ ವಿದ್ಯಾರ್ಥಿಗಳು ಶಂಕಿತನು ಬರ್ಮಿಂಗ್‌ಹ್ಯಾಮ್ ಧಾಟಿಯಲ್ಲಿ ಉತ್ತರಿಸಿದಾಗ ಅವನೇ ತಪ್ಪಿತಸ್ಥನಿರಬೇಕೆಂದು ಹೆಚ್ಚಾಗಿ ಭಾವಿಸಿದರು. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಜನಾಂಗ, ಲಿಂಗ, ಧರ್ಮ, ವಯಸ್ಸು ಮುಂತಾದ ಒಂಬತ್ತು ಲಕ್ಷಣಗಳಿಗೆ ರಕ್ಷಣೆ ನೀಡುತ್ತದೆ. ಉಚ್ಚಾರಣೆ ಆ ಪಟ್ಟಿಯಲ್ಲಿಲ್ಲ.

ಇದೇ ಶ್ರೇಣಿ 2000ದ ಆಸುಪಾಸಿನಲ್ಲಿ ಬೆಂಗಳೂರಿಗೂ ಬಂದಿಳಿಯಿತು. ವಿದೇಶಿ ಗ್ರಾಹಕರ ಕರೆಗಳಿಗೆ ಉತ್ತರಿಸುವ ಕಾಲ್ ಸೆಂಟರ್‌ಗಳು ಹೊಸ ನೌಕರರಿಗೆ ಉಚ್ಚಾರಣೆ ತಿದ್ದುವ ತರಬೇತಿ ಇಟ್ಟವು. ‘ಎಗ್’ ಅನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಎನ್ನುವ ಕನ್ನಡಿಗರ ರೂಢಿಗೆ ‘ಎಂಟಿಐ’, ಅಂದರೆ ಮಾತೃಭಾಷೆಯ ಪ್ರಭಾವ, ಎಂಬ ಹೆಸರು ಬಿತ್ತು. ರೋಗದ ಹೆಸರಿನಂತೆ ಕೇಳಿಸುವ ಈ ಪದ ಸಂದರ್ಶನದ ಕೊಠಡಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ 2019ರಲ್ಲಿ ನಡೆದ ಸಮೀಕ್ಷೆಯಲ್ಲಿಯೂ ಹಳೆಯ ಶ್ರೇಣಿ ಬಹುಮಟ್ಟಿಗೆ ಹಾಗೆಯೇ ಇತ್ತು. ಒಂದು ವ್ಯತ್ಯಾಸ ಮಾತ್ರ ಕಂಡುಬಂತು. ಅಭ್ಯರ್ಥಿಗಳ ಧ್ವನಿಮುದ್ರಿತ ಉತ್ತರಗಳನ್ನು ವಕೀಲಿ ವೃತ್ತಿಯ ಅನುಭವಿಗಳಿಗೆ ಕೇಳಿಸಿದಾಗ ಅವರು ಧಾಟಿಯನ್ನು ಬದಿಗಿಟ್ಟು ಉತ್ತರದ ಗುಣವನ್ನೇ ತೂಗಿದರು. ಅವೇ ಉತ್ತರಗಳನ್ನು ಕೇಳಿದ ಸಾರ್ವಜನಿಕರಲ್ಲಿ, ಮುಖ್ಯವಾಗಿ ಹಿರಿಯ ವಯಸ್ಸಿನವರಲ್ಲಿ, ಶ್ರಮಿಕ ವರ್ಗದ ಧಾಟಿಗೆ ಅಂಕ ಕಡಿಮೆಯೇ ಬಿತ್ತು.