ಟಿಬೆಟ್ಟಿನ ಸುತ್ತ ಒಂದು ಒಡಕು ಬಳೆ

ಜೀವಜಾತಿಗಳ ಉತ್ಪತ್ತಿಯನ್ನು ಹೆಸರಿನಲ್ಲಿಯೇ ಹೊತ್ತು 1859ರಲ್ಲಿ ಹೊರಬಂದ ಡಾರ್ವಿನ್ನನ ಗ್ರಂಥದಲ್ಲಿ, ಒಂದು ಜಾತಿ ಕಾಲಕ್ರಮದಲ್ಲಿ ಮಾರ್ಪಡುವ ಬಗೆ ವಿಶದವಾದಷ್ಟು ಒಂದೇ ಜಾತಿ ಎರಡಾಗಿ ಕವಲೊಡೆಯುವ ಬಗೆ ವಿಶದವಾಗಲಿಲ್ಲವೆಂಬ ಆಕ್ಷೇಪ ಹಳೆಯದು. ಕವಲೊಡೆಯಬೇಕಾದರೆ ಮೊದಲು ಅಗಲಬೇಕು, ಅಗಲಿಕೆಯಿಲ್ಲದೆಡೆ ಸಂಕರವು ಭೇದಗಳನ್ನೆಲ್ಲ ಅಳಿಸಿಬಿಡುವುದು ಎಂದು 1868ರಲ್ಲಿ ವಾದಿಸಿದವನು ಜರ್ಮನಿಯ ಮೋರಿಟ್ಸ್ ವಾಗ್ನರ್. ಆ ವಾದಕ್ಕೆ ಶಾಸ್ತ್ರಪ್ರತಿಷ್ಠೆ ದೊರೆತುದು 1942ರ ಅರ್ನ್ಸ್ಟ್ ಮೇಯರನ ಗ್ರಂಥದಿಂದ: ತಮ್ಮೊಳಗೆ ಕೂಡಿ ಸಂತತಿ ಪಡೆಯುವ ಸಮೂಹಗಳೆಲ್ಲ ಒಂದು ಜಾತಿ, ಅವುಗಳೊಡನೆ ಕೂಡದವು ಬೇರೆ ಜಾತಿ.

ಲಕ್ಷಣವೇನೋ ಸ್ಫುಟವಾಗಿದೆ. ಅದನ್ನು ಪೇಚಿಗೆ ಸಿಕ್ಕಿಸಿದುದು ಗುಬ್ಬಿಗಿಂತಲೂ ಚಿಕ್ಕದಾದ ಹಸಿರು ಉಲಿಯಕ್ಕಿ. ಈ ಕುಲದ ಸಮೀಕ್ಷೆಯನ್ನು 1938ರಲ್ಲಿ ಪ್ರಕಟಿಸಿದ ಕ್ಲಾಡ್ ಟೈಸ್‌ಹರ್ಸ್ಟ್, ಹಿಮಾಲಯದಲ್ಲಿ ನೆಲೆಸಿದ್ದ ಮೂಲಸಮೂಹವೊಂದು ಮರಗಳಿಲ್ಲದ ಟಿಬೆಟ್ಟಿನ ಪೀಠಭೂಮಿಯನ್ನು ಬಳಸಿಕೊಂಡು, ಒಂದು ಕೈ ಕಾಶ್ಮೀರ ತಿಯಾನ್‌ಷಾನ್‌ಗಳ ಮೂಲಕ ಪಶ್ಚಿಮ ಸೈಬೀರಿಯಕ್ಕೂ, ಇನ್ನೊಂದು ಕೈ ಚೀನದ ಮೂಲಕ ಪೂರ್ವ ಸೈಬೀರಿಯಕ್ಕೂ ಚಾಚಿತೆಂದು ಊಹಿಸಿದನು. ನೆರೆಹೊರೆಯವು ಒಂದರೊಡನೊಂದು ಬೆರೆಯುತ್ತ ಬಂದರೂ, ಎರಡು ಕೈಗಳ ತುದಿಗಳು ಮಧ್ಯ ಸೈಬೀರಿಯದಲ್ಲಿ ಸಂಧಿಸಿದಾಗ ಪರಸ್ಪರ ಅಪರಿಚಿತವಾಗಿದ್ದುವು. ಹಾಗಾದರೆ ಜಾತಿ ಒಂದೋ, ಎರಡೋ?

ಡ್ಯಾರೆನ್ ಅರ್ವಿನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದುದು ಹಾಡಿನ ಕಥೆ. ದಕ್ಷಿಣದಲ್ಲಿ ಚಿಕ್ಕದೂ ಸರಳವೂ ಆದ ಹಾಡು ಉತ್ತರಕ್ಕೆ ಹೋದಂತೆಲ್ಲ ದೀರ್ಘವೂ ಜಟಿಲವೂ ಆಗುತ್ತದೆ. ಆದರೆ ಎರಡು ಕೈಗಳಲ್ಲಿ ಅದು ಬೆಳೆದ ದಾರಿ ಬೇರೆ ಬೇರೆ. ಧ್ವನಿಮುದ್ರಿಕೆಯಿಂದ ತನ್ನವರ ಹಾಡು ಕೇಳಿದೊಡನೆ ಕೆರಳಿ ಎರಗುವ ಸೈಬೀರಿಯದ ಗಂಡು, ಎದುರು ತುದಿಯವನ ಹಾಡಿಗೆ ಕಿವಿಗೊಡದೆ ಕೊಂಬೆಯ ಮೇಲೆ ತನ್ನ ಪಾಡಿಗೆ ಹುಳು ಹೆಕ್ಕುತ್ತಿರುವುದು.

ಪಠ್ಯಪುಸ್ತಕಗಳಿಗೆ ಇಂಥ ನಿದರ್ಶನ ಬಲು ಪ್ರಿಯ, ಕೊಂಚ ಅತಿಯಾಗಿಯೇ ಪ್ರಿಯ. 2014ರಲ್ಲಿ ಇವುಗಳ ಜೀನುಗಳನ್ನು ವಿಸ್ತಾರವಾಗಿ ಪರಿಶೀಲಿಸಿದಾಗ ಬಳೆಯಲ್ಲಿ ಬಿರುಕುಗಳು ಕಂಡವು: ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಜೀನುಗಳ ಹರಿವು ಹಿಂದೊಮ್ಮೆ ಕಡಿದುಹೋಗಿ, ಅನಂತರ ಮತ್ತೆ ಕೂಡಿಕೊಂಡಿತ್ತು. ಅಲ್ಲದೆ, ಎಂದೂ ಬೆರೆಯವೆಂದು ನಂಬಿದ್ದ ಸೈಬೀರಿಯದ ಎರಡು ತುದಿಗಳು ಆಗೊಮ್ಮೆ ಈಗೊಮ್ಮೆ ಬೆರೆತಿದ್ದುವು. ವಾಗ್ನರನ ಅಗಲಿಕೆ ಹೀಗೆ ಹಿಂದಿನ ಬಾಗಿಲಿನಿಂದ ಒಳಬಂದಿತು. ಮೇಯರನ ಗೆರೆಯೂ ನಡುನಡುವೆ ಅಳಿಸಿತು. ಬಳೆ ಇಡಿಯಾಗಿದ್ದಾಗಿನದಕ್ಕಿಂತ ಒಡಕಾದ ಮೇಲೆಯೇ ಅದು ನನಗೆ ಹೆಚ್ಚು ನಂಬಲರ್ಹವಾಗಿ ತೋರುತ್ತದೆ.

ಪಶ್ಚಿಮದ ಕೈಯ ಹಕ್ಕಿಗಳು ಚಳಿಗಾಲಕ್ಕೆ ನಮ್ಮ ಸಹ್ಯಾದ್ರಿಗೂ ಬರುತ್ತವೆ; ಪೂರ್ವದವು ಆಗ್ನೇಯ ಏಷ್ಯಕ್ಕೆ ಹೋಗುತ್ತವೆ. ಮಾಘದ ಮುಂಜಾನೆ ಮಲೆನಾಡಿನ ಮರದ ತುದಿಯಲ್ಲಿ ಎಲೆಯ ಮರೆಯಿಂದ ಎಲೆಯ ಮರೆಗೆ ಸರಿಯುತ್ತ, ಎರಡಕ್ಷರದ ಚುಟುಕು ಕರೆ ಕೂಗುವ ಆ ಹಕ್ಕಿಯ ರೆಕ್ಕೆಯಲ್ಲಿ ಮಾಸಲು ಬಿಳಿಯ ಗೆರೆ ಸಾಮಾನ್ಯವಾಗಿ ಒಂದೇ. ಅದರ ಪೂರ್ವದ ದಾಯಾದಿಗೆ ಎರಡು.