ಉಕ್ಕು, ತುಕ್ಕು ಮತ್ತು ಕೆಲವು ಬೋಲ್ಟುಗಳು

ನಮ್ಮ ಕಡೆಯಿಂದ ಲಂಡನ್ನಿನ ವಿಜ್ಞಾನಲೋಕಕ್ಕೆ ಬಂದ ಪದಗಳು ಹೆಚ್ಚಿಲ್ಲ. ಇರುವುದರಲ್ಲಿ ಒಂದು ‘ವೂಟ್ಸ್’. ಇದು ‘ಉಕ್ಕು’ ಪದದ ಅಪಭ್ರಂಶವೆಂದು ಹಲವು ವಿದ್ವಾಂಸರ ಅಭಿಪ್ರಾಯ. (ತೆಲುಗರಿಗೂ ಅದು ಉಕ್ಕೇ; ಜಗಳ ಬೇಡ!) 1795ರಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಇಲ್ಲಿನ ರಾಯಲ್ ಸೊಸೈಟಿಗೆ ಪ್ರಬಂಧ ಸಲ್ಲಿಸಿದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಉಕ್ಕು ಮಾಡುವವರ ಕೆಲಸವನ್ನು ಬರೆದಿಟ್ಟ.

ಪಿಕಡಿಲಿಯ ಪಕ್ಕದ ಆಲ್ಬೆಮಾರ್ಲ್ ಸ್ಟ್ರೀಟಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1819ರಲ್ಲಿ ವೂಟ್ಸ್ ಅನ್ನು ವಿಶ್ಲೇಷಿಸಿದ. ಅದರ ಗುಣಕ್ಕೆ ಅಲ್ಯುಮಿನಿಯಂ ಕಾರಣವೆಂದು ಅವನ ಊಹೆ. ಅದು ತಪ್ಪು, ಮುಖ್ಯ ಗುಟ್ಟು ಇದ್ದದ್ದು ಇಂಗಾಲದಲ್ಲಿ. ಆದರೂ ಅವನು ಬಿಡಲಿಲ್ಲ. ಕತ್ತರಿ-ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ನಿಕ್ಕಲ್, ಕ್ರೋಮಿಯಂ ಬೆರೆಸಿ ನೋಡಿದ. ಅವರಿಗೆ ಬೇಕಿದ್ದದ್ದು ಒಳ್ಳೆಯ ಅಲಗು. ಆ ಕ್ರೋಮಿಯಂ ಮುಂದೊಂದು ದಿನ ಅಣುಸ್ಥಾವರಗಳನ್ನು ಕಾಯಬೇಕಾಗುತ್ತದೆಂದು ಯಾರು ತಾನೇ ಊಹಿಸಿಯಾರು?

ನೂರೈವತ್ತು ವರ್ಷ ಮುಂದೆ ಬರೋಣ. ಲಂಡನ್ನಿನ ಪೂರ್ವಕ್ಕೆ, ಎಸೆಕ್ಸ್ ಕರಾವಳಿಯಲ್ಲಿ ಬ್ರಾಡ್‌ವೆಲ್ ಎಂಬ ಮ್ಯಾಗ್ನಾಕ್ಸ್ ಸ್ಥಾವರ 1962ರಿಂದ ವಿದ್ಯುತ್ ಉತ್ಪಾದಿಸುತ್ತಿತ್ತು. ರಿಯಾಕ್ಟರಿನ ಬಿಸಿಯನ್ನು ಹೊತ್ತೊಯ್ಯುತ್ತಿದ್ದುದು ಇಂಗಾಲದ ಡೈಆಕ್ಸೈಡ್. ಒಳಗಿನ ಅನೇಕ ಭಾಗಗಳು, ಬೋಲ್ಟು-ನಟ್ಟುಗಳು, ಸಾಧಾರಣ ಮೃದು ಉಕ್ಕಿನವು. 1960ರ ದಶಕದ ಕೊನೆಯಲ್ಲಿ ನೋಡಿದಾಗ ಬೋಲ್ಟುಗಳು ಮುರಿದಿದ್ದವು.

ಕಾರಣ ತುಕ್ಕು. ಆದರೆ ಮಳೆಯಲ್ಲಿ ಹಿಡಿಯುವ ಕೆಂಪು ತುಕ್ಕಲ್ಲ. ಬಿಸಿ ಅನಿಲದಲ್ಲಿ ಉಕ್ಕಿನ ಮೇಲೆ ಮ್ಯಾಗ್ನಟೈಟ್ ಎಂಬ ಕಪ್ಪು ಪೊರೆ ಕಟ್ಟುತ್ತದೆ. ಮೊದಲಿಗೆ ಅದೇ ಕವಚ: ದಪ್ಪವಾದಷ್ಟೂ ತುಕ್ಕಿನ ವೇಗ ಇಳಿಯುತ್ತದೆ. ಮೊದಲ ಕೆಲವು ಸಾವಿರ ಗಂಟೆ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ಆಮೇಲೆ ಪೊರೆ ಸಡಿಲಗೊಂಡು, ತುಕ್ಕು ನಿಲ್ಲದೆ ಒಂದೇ ವೇಗದಲ್ಲಿ ಬೆಳೆಯತೊಡಗುತ್ತದೆ. ಸಿಲಿಕಾನ್ ಕಡಿಮೆ ಇರುವ ಉಕ್ಕಿನಲ್ಲಿ, ತೇವವಿರುವ ಅನಿಲದಲ್ಲಿ, ಇದು ಇನ್ನೂ ಬೇಗ. ಮ್ಯಾಗ್ನಟೈಟ್ ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟು ಜಾಗ ಬೇಡುತ್ತದೆ. ಮಳೆಗಾಲದಲ್ಲಿ ಬಾಗಿಲಿನ ಮರ ಉಬ್ಬುವಂತೆ ಅದು ಸಂದಿಯಲ್ಲಿ ಉಬ್ಬಿ, ಬೋಲ್ಟನ್ನು ಎಳೆದೆಳೆದು ಮುರಿಯುತ್ತದೆ.

ಇಂಧನಕ್ಕೆ ಏನೂ ಆಗಿರಲಿಲ್ಲ. ಆದರೂ ಲಂಡನ್ನಿನಲ್ಲಿ ಪ್ರಧಾನ ಕಚೇರಿಯಿದ್ದ ಸೆಂಟ್ರಲ್ ಎಲೆಕ್ಟ್ರಿಸಿಟಿ ಜನರೇಟಿಂಗ್ ಬೋರ್ಡ್ 1969ರಲ್ಲಿ ಮ್ಯಾಗ್ನಾಕ್ಸ್ ಸ್ಥಾವರಗಳ ಅನಿಲದ ಉಷ್ಣತೆಯನ್ನು ಸುಮಾರು 360 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಬೇಕಾಯಿತು. 300 ಮೆಗಾವಾಟಿಗೆ ಕಟ್ಟಿದ ಬ್ರಾಡ್‌ವೆಲ್, 2002ರಲ್ಲಿ ಮುಚ್ಚುವ ಹೊತ್ತಿಗೆ ಕೊಡುತ್ತಿದ್ದದ್ದು ಸುಮಾರು 250. ಕೈಯಲ್ಲಿ ಹಿಡಿಯಬಹುದಾದ ಬೋಲ್ಟು ಒಂದು ದೇಶದ ವಿದ್ಯುತ್ತಿನ ಲೆಕ್ಕವನ್ನೇ ಬದಲಿಸಿತು.

ಮುಂದಿನ ಎಜಿಆರ್ ಸ್ಥಾವರಗಳಲ್ಲಿ ಅನಿಲ 600 ಡಿಗ್ರಿಗೂ ಮೇಲೆ ಕಾಯುತ್ತಿತ್ತು. ಆಗ ಬಂತು ಫ್ಯಾರಡೆಯ ಕ್ರೋಮಿಯಂ: ಬಾಯ್ಲರಿನ ನಡುಭಾಗಕ್ಕೆ 9 ಶೇಕಡ, ಇಂಧನದ ಕೊಳವೆಗೆ 20 ಶೇಕಡ. ಕ್ರೋಮಿಯಂ ಆಕ್ಸೈಡಿನ ಪೊರೆ ಬಿಗಿಯಾದದ್ದು. ಆದರೆ 9 ಶೇಕಡದ ಉಕ್ಕಿಗೂ ಗಡಿಯಿದೆ. ಅದರ ಪೊರೆಯೂ ವರ್ಷಗಳ ಬಳಿಕ ಸಡಿಲಾಗಬಲ್ಲದು. ಹಾಗಾಗಿ ಮಾದರಿ ತುಂಡುಗಳನ್ನು ಬಿಸಿ ಅನಿಲದಲ್ಲಿಟ್ಟು, ದಶಕಗಳ ಕಾಲ ತೂಗುತ್ತ ಬಂದರು.

ನನ್ನ ಸಾಫ್ಟ್‌ವೇರ್ ವೃತ್ತಿಯಲ್ಲಿ ಕಂಪ್ಯೂಟರಿನ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಇಪ್ಪತ್ತು ವರ್ಷದಾಚೆಯ ದಿನವನ್ನು ಇವತ್ತೇ ಪರೀಕ್ಷಿಸಬಹುದು. ಉಕ್ಕಿಗೆ ಆ ಸೌಲಭ್ಯವಿಲ್ಲ. ಹೆಚ್ಚು ಕಾಯಿಸಿ ಅವಸರ ಮಾಡಿದರೆ ಪೊರೆಯ ಸ್ವಭಾವವೇ ಬದಲಾಗಬಹುದು.

ಈಗ ಕರಗಿದ ಸೀಸದಿಂದ ತಂಪಾಗುವ ರಿಯಾಕ್ಟರುಗಳಿಗಾಗಿ ಅಲ್ಯುಮಿನಿಯಂ ಬೆರೆತ ಉಕ್ಕುಗಳನ್ನು ಪರೀಕ್ಷಿಸುತ್ತಿದ್ದಾರೆ. ಫ್ಯಾರಡೆ ನಮ್ಮ ಉಕ್ಕಿನಲ್ಲಿ ತಪ್ಪಾಗಿ ಕಂಡದ್ದು ಇಲ್ಲಿ ನಿಜವಾಗಿಯೇ ಕವಚ ಕಟ್ಟುತ್ತದೆ. ಹೊಸ ಸ್ಥಾವರಗಳಿಗೆ ಅರವತ್ತು ವರ್ಷದ ಆಯುಷ್ಯ ಬರೆಯುವುದು ಸಾಮಾನ್ಯ. ಇಂದು ಮಾದರಿಯನ್ನು ಕುಲುಮೆಗಿಟ್ಟ ಎಂಜಿನಿಯರ್ ನಿವೃತ್ತನಾದ ಮೇಲೂ ಅದನ್ನು ತೆಗೆದು ತೂಗಲು ಯಾರಾದರೂ ಇರಬೇಕು.